ಎಳೆ ಹರಿದರೆ ಮಗ್ಗ ನಿಲ್ಲಬೇಕು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, ಐಟಿಐ ಕಲಿತು, ಮುಂದೆ ಬಹುಕಾಲ ಹುಡುಗರಿಗೆ ಟರ್ನರ್ ಕೆಲಸ ಕಲಿಸಿದವನು ನಾನು. ಆದ್ದರಿಂದ ಸಮಿತಿಯವರು, "ಮಕ್ಕಳಿಗೆ ಕಾರ್ಖಾನೆ, ಯಂತ್ರ ಅಂತ ಏನಾದರೂ ಉಪಯೋಗದ ಮಾತು ಹೇಳ್ರಿ" ಎಂದರು. ಹೊರಗೆ ಮೈದಾನದಲ್ಲಿ ನಿಂತಿರುವ ಗಾಡಿಗಳನ್ನು ನೋಡಿದೆ. ಹಾವೇರಿಯಿಂದ, ರಾಣೆಬೆನ್ನೂರಿನಿಂದ, ಬ್ಯಾಡಗಿಯಿಂದ ಬಂದವರ ಗಾಡಿಗಳಲ್ಲಿ ಇನ್ನೋವಾ ಎಷ್ಟಿವೆ ಎಂದು ಮಕ್ಕಳೇ ಎಣಿಸಲಿ. ಮದುವೆಯ ದಿಬ್ಬಣ, ಧರ್ಮಸ್ಥಳದ ಯಾತ್ರೆ, ಹುಬ್ಬಳ್ಳಿಯ ಆಸ್ಪತ್ರೆ, ಚುನಾವಣೆಯ ಓಡಾಟ, ಯಾವುದಕ್ಕಾದರೂ ನಮ್ಮ ಜನ ಮೊದಲು ಕೇಳುವುದು ಅದನ್ನೇ. ಆ ಗಾಡಿ ಮಾಡುವ ಟೊಯೊಟಾ ಕಂಪನಿಯ ಕಥೆಯನ್ನು ಇವತ್ತು ಹೇಳುತ್ತೇನೆ. ಅದು ಶುರುವಾದದ್ದು ಕಾರಿನಿಂದಲ್ಲ, ಮಗ್ಗದಿಂದ.

ಮಗ್ಗ ಎಂದರೆ ನಮಗೆ ಹೊಸದಲ್ಲ. ನಮ್ಮ ರಾಣೆಬೆನ್ನೂರು ತಾಲ್ಲೂಕಿನ ತುಮ್ಮಿನಕಟ್ಟಿ ನೇಕಾರರ ಊರು. ನಮ್ಮ ಕರಿಮಣ್ಣು ಹತ್ತಿ ಬೆಳೆದ ಮಣ್ಣು. ಜಪಾನಿನಲ್ಲಿಯೂ ಅಂಥದೇ ಒಂದು ಸೀಮೆಯಲ್ಲಿ, ಈಗ ಕೊಸಾಯ್ ನಗರಕ್ಕೆ ಸೇರಿರುವ ಒಂದು ಹಳ್ಳಿಯಲ್ಲಿ, 1867ರಲ್ಲಿ ಒಬ್ಬ ಬಡಿಗನ ಮನೆಯಲ್ಲಿ ಸಕಿಚಿ ಟೊಯೊಡಾ ಹುಟ್ಟಿದರು. ಸುತ್ತಲ ಮನೆಗಳಲ್ಲಿ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯುತ್ತಿದ್ದರು. ಅವರ ಕಷ್ಟ ನೋಡುತ್ತ ಬೆಳೆದ ಸಕಿಚಿ ಅಪ್ಪನಿಂದ ಕಲಿತ ಬಡಿಗತನವನ್ನೇ ಬಂಡವಾಳ ಮಾಡಿಕೊಂಡು ಮರದ ಮಗ್ಗವೊಂದನ್ನು ಸುಧಾರಿಸಿ 1891ರಲ್ಲಿ ಪೇಟೆಂಟ್ ಪಡೆದರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ದೊಡ್ಡ ಕಾಲೇಜು ಓದಿದವರಲ್ಲ.

ನೇಯ್ಗೆಯಲ್ಲಿ ಒಂದು ತೊಂದರೆ ಇದೆ. ನೇಕಾರ ಬಂಧುಗಳು ಇಲ್ಲಿದ್ದರೆ ತಲೆಯಾಡಿಸುತ್ತಾರೆ. ಹಾಸಿನ ಒಂದು ಎಳೆ ಹರಿಯಿತು, ಯಾರೂ ನೋಡಲಿಲ್ಲ ಎನ್ನಿ. ಲಾಳಿ ಮಾತ್ರ ಓಡುತ್ತಲೇ ಇರುತ್ತದೆ, ಬಟ್ಟೆ ಉದ್ದವಾಗುತ್ತಲೇ ಇರುತ್ತದೆ, ದೋಷವೂ ಜೊತೆಗೆ ಉದ್ದವಾಗುತ್ತದೆ. ಯಂತ್ರದ ಮಗ್ಗ ಬಂದ ಮೇಲೆ ಈ ನಷ್ಟ ಇನ್ನೂ ಹೆಚ್ಚಿತು, ಏಕೆಂದರೆ ಯಂತ್ರಕ್ಕೆ ವೇಗವಿದೆ, ಕಣ್ಣಿಲ್ಲ. ಸಕಿಚಿ ಯಂತ್ರಕ್ಕೆ ಆ ಕಣ್ಣು ಕೊಟ್ಟರು. ಎಳೆ ಹರಿದ ಕೂಡಲೇ ತಾನಾಗಿಯೇ ನಿಲ್ಲುವ ಮಗ್ಗ ಮಾಡಿದರು. 1924ರಲ್ಲಿ ಪೂರ್ಣಗೊಂಡ ಅವರ 'ಜಿ' ಮಾದರಿಯ ಸ್ವಯಂಚಾಲಿತ ಮಗ್ಗದಲ್ಲಿ ಓಟ ನಿಲ್ಲಿಸದೆಯೇ ಲಾಳಿ ಬದಲಾಗುತ್ತಿತ್ತು, ಎಳೆ ಹರಿದರೆ ಮಾತ್ರ ಮಗ್ಗ ನಿಲ್ಲುತ್ತಿತ್ತು. ಇದರಿಂದ ಒಬ್ಬರೇ ಹತ್ತಾರು ಮಗ್ಗಗಳನ್ನು ನೋಡಿಕೊಳ್ಳುವಂತಾಯಿತು. ಜವಳಿ ಯಂತ್ರಗಳಿಗೆ ಜಗತ್ತಿನಲ್ಲೇ ಹೆಸರಾಗಿದ್ದ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪನಿ 1929ರಲ್ಲಿ ಇದರ ಹಕ್ಕಿಗಾಗಿ ಒಂದು ಲಕ್ಷ ಪೌಂಡಿನ ಒಪ್ಪಂದ ಮಾಡಿಕೊಂಡಿತು. ಹಳ್ಳಿಯ ಬಡಿಗನ ಮಗನ ಹತ್ತಿರ ಇಂಗ್ಲೆಂಡಿನವರು ಕಲಿಯಲು ಬಂದರು.

ಸಕಿಚಿಯವರ ಮಗ ಕಿಚಿರೊ. ಅವರ ಮನಸ್ಸು ಮೋಟಾರಿನ ಕಡೆಗಿತ್ತು. 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಒಂದು ಮೋಟಾರು ವಿಭಾಗ ತೆರೆದರು. 1936ರಲ್ಲಿ ಮೊದಲ ಕಾರು ಮಾರಾಟಕ್ಕೆ ಬಂತು. 1937ರಲ್ಲಿ ಟೊಯೊಟಾ ಮೋಟಾರ್ ಕಂಪನಿ ಬೇರೆಯಾಗಿ ನಿಂತಿತು. ಮಕ್ಕಳು ಇನ್ನೊಂದು ಸೋಜಿಗ ಕೇಳಬೇಕು. ನಮ್ಮ ಬೀದಿಗಳಲ್ಲಿ ಓಡಾಡುವ ಮಾರುತಿ ಕಾರುಗಳ ಹಿಂದಿರುವ ಸುಜುಕಿ ಕಂಪನಿಯೂ ಮಗ್ಗದ ಮನೆಯದೇ. ಹತ್ತಿ ಬೆಳೆಯುವ ರೈತನ ಮಗ ಮಿಚಿಯೊ ಸುಜುಕಿ 1909ರಲ್ಲಿ ಹಮಾಮತ್ಸು ಎಂಬಲ್ಲಿ ಮಗ್ಗದ ಕಾರ್ಖಾನೆ ತೆರೆದರು. ಅದು ಸಕಿಚಿಯವರ ಹುಟ್ಟೂರಿಗೆ ನೆರೆಯ ಊರು.

ಯುದ್ಧ ಮುಗಿದ ಮೇಲೆ ಟೊಯೊಟಾದ ಸ್ಥಿತಿ ಕೆಟ್ಟಿತ್ತು. 1950ರಲ್ಲಿ ಕಂಪನಿ ಮುಳುಗುವ ಹಂತಕ್ಕೆ ಬಂತು. ಮುಷ್ಕರವಾಯಿತು, ಸಾವಿರಕ್ಕೂ ಹೆಚ್ಚು ಜನ ಕೆಲಸ ಬಿಡಬೇಕಾಯಿತು. ಅದರ ಹೊಣೆ ಹೊತ್ತು ಕಿಚಿರೊ ಅಧ್ಯಕ್ಷ ಪದವಿಗೆ ರಾಜೀನಾಮೆ ಕೊಟ್ಟರು. ಎರಡೇ ವರ್ಷದಲ್ಲಿ ತೀರಿಕೊಂಡರು. ಕೈಯಲ್ಲಿ ಹಣವಿಲ್ಲ, ದೊಡ್ಡ ಗೋದಾಮು ತುಂಬುವ ಶಕ್ತಿಯಿಲ್ಲ. ಆ ಬಡತನದಲ್ಲೇ ತಾಯಿಚಿ ಓನೊ ಎಂಬ ಎಂಜಿನಿಯರು ಹೊಸ ಪದ್ಧತಿ ಕಟ್ಟಿದರು. ನಮ್ಮೂರ ಕಿರಾಣಿ ಅಂಗಡಿಯವರು ಮಾಡುವುದೇ ಅದು. ಡಬ್ಬಿಯಲ್ಲಿ ಬೆಲ್ಲ ತೀರುತ್ತ ಬಂದಾಗ ಅಷ್ಟನ್ನೇ ತರಿಸುತ್ತಾರೆ, ವರ್ಷದ ಬೆಲ್ಲ ಒಮ್ಮೆಲೇ ತಂದು ಇರುವೆಗೆ ಹಾಕುವುದಿಲ್ಲ. ಬೇಕಾದದ್ದು, ಬೇಕಾದಾಗ, ಬೇಕಾದಷ್ಟೇ. ಇದು ಒಂದು ಕಂಬ. ಇನ್ನೊಂದು ಕಂಬ ಸಕಿಚಿಯವರ ಮಗ್ಗದ್ದೇ: ತಪ್ಪು ಕಂಡರೆ ನಿಲ್ಲಿಸು. ಕಾರು ಜೋಡಿಸುವ ಸಾಲಿನಲ್ಲಿ ಕೆಲಸಗಾರನ ಕೈಗೆ ಎಟಕುವಂತೆ ಒಂದು ಹಗ್ಗ ಕಟ್ಟಿದರು. ಬೋಲ್ಟು ಸರಿ ಕೂಡದಿದ್ದರೆ, ಬಾಗಿಲು ಒಂದು ಕೂದಲೆಳೆ ಆಚೀಚೆ ಆದರೆ, ಯಾವ ಕೆಲಸಗಾರನೂ ಆ ಹಗ್ಗ ಎಳೆಯಬಹುದು. ದೀಪ ಹೊತ್ತುತ್ತದೆ, ಮೇಲಿನವರು ಓಡಿ ಬರುತ್ತಾರೆ. ತಕ್ಷಣ ಸರಿಯಾಗದಿದ್ದರೆ ಸಾಲು ನಿಲ್ಲುತ್ತದೆ.

ಬಂದವರು "ಯಾರು ಮಾಡಿದ್ದು?" ಎಂದು ಕೇಳಬಾರದು, "ಯಾಕೆ ಆಯಿತು?" ಎಂದು ಕೇಳಬೇಕು. ಒಂದು ಸಲವಲ್ಲ, ಐದು ಸಲ ಕೇಳಬೇಕೆಂದು ಓನೊ ಕಲಿಸಿದರು. ಇದನ್ನು ನಮ್ಮ ಶಾಲೆಗೇ ಹಚ್ಚಿ ನೋಡೋಣ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಗಣಿತದಲ್ಲಿ ನಪಾಸಾದಳು ಎನ್ನಿ. ಯಾಕೆ? ಬೀಜಗಣಿತ ತಿಳಿಯಲಿಲ್ಲ. ಯಾಕೆ? ಆ ಪಾಠದ ದಿನಗಳಲ್ಲಿ ಶಾಲೆಗೆ ಬಂದಿರಲಿಲ್ಲ. ಯಾಕೆ? ಮೆಣಸಿನಕಾಯಿಯ ಸುಗ್ಗಿ, ಅವ್ವನ ಜೊತೆ ತೊಟ್ಟು ಬಿಡಿಸಲು ಹೋಗಿದ್ದಳು. ಯಾಕೆ? ಮನೆಯಲ್ಲಿ ಸಾಲದ ಕಂತು ಕಟ್ಟಬೇಕಿತ್ತು. ಸರಿ, ತಿರುಗಿ ಬಂದ ಮೇಲೆ ಬಿಟ್ಟುಹೋದ ಪಾಠ ಯಾಕೆ ಕಲಿಯಲಿಲ್ಲ? ಕಲಿಸಲು ನಾವು ಬೇರೆ ಹೊತ್ತು ಇಟ್ಟಿರಲಿಲ್ಲ. ಮೊದಲ ಪ್ರಶ್ನೆಗೇ ನಿಂತಿದ್ದರೆ "ಹುಡುಗಿ ದಡ್ಡಿ" ಎಂದು ಬರೆದು ಮುಗಿಸುತ್ತಿದ್ದೆವು. ಐದನೆಯದಕ್ಕೆ ಬಂದಾಗ ಕೆಲಸ ನಮ್ಮ ಪಾಲಿಗೆ ಬಂತು. ಬ್ಯಾಡಗಿ ಸೀಮೆಯ ಗುರುಗಳಿಗೆ ಇಂಥ ಹುಡುಗಿ ಅಪರಿಚಿತಳಲ್ಲ.

ಈ ಜಪಾನಿನ ಕಥೆಗೂ ನಮ್ಮ ಸೀಮೆಗೂ ನಂಟು ಬೆಳೆದದ್ದು ಕಿರ್ಲೋಸ್ಕರರ ಮೂಲಕ. ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ, ಸಕಿಚಿ ಹುಟ್ಟಿದ ಎರಡು ವರ್ಷಕ್ಕೆ ಹುಟ್ಟಿದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಅದನ್ನು ಮೊದಮೊದಲು ಮುಟ್ಟಲಿಲ್ಲ. ಕೆಲಸ ನೋಡಿದ ಮೇಲೆ ಕೊಂಡರು. 1941ರಲ್ಲಿ ನಮ್ಮ ತುಂಗಭದ್ರೆಯ ಆಚೆ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಎದ್ದಿತು. ಅಲ್ಲಿ ತಯಾರಾದ ಲೇಥುಗಳು ದೇಶದ ಎಷ್ಟೋ ವರ್ಕ್‌ಶಾಪು, ಐಟಿಐಗಳಿಗೆ ಹೋದವು. ನಮ್ಮ ಕಡೆಯ ಅನೇಕರ ಮನೆಗೆ ಅನ್ನ ಬಂದದ್ದು ಆ ಕಾರ್ಖಾನೆಯಿಂದ. ಅದು ಮುಚ್ಚಿದಾಗ ಆದ ಸಂಕಟವೂ ನಮಗೆ ಗೊತ್ತಿದೆ. ಯಂತ್ರ ಚೆನ್ನಾಗಿದ್ದರಷ್ಟೇ ಸಾಲದು, ಕಾಲ ಬದಲಾದಾಗ ಕಾರ್ಖಾನೆಯೂ ಬದಲಾಗಬೇಕು ಎಂಬುದನ್ನು ನಮ್ಮ ನದಿಯ ಆಚೆ ದಡವೇ ಕಲಿಸಿದೆ.

ಟೊಯೊಡಾ ಮತ್ತು ಕಿರ್ಲೋಸ್ಕರ್ ಮನೆತನಗಳು ಮೊದಲು ಕೈಜೋಡಿಸಿದ್ದು ಕಾರಿಗಾಗಿ ಅಲ್ಲ, 1995ರಲ್ಲಿ ಜವಳಿ ಯಂತ್ರಗಳಿಗಾಗಿ. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಹುಟ್ಟಿತು. ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ 1999ರ ಕೊನೆಗೆ ತಯಾರಿಕೆ ಶುರುವಾಯಿತು. 2000ದ ಆರಂಭದಲ್ಲಿ ಕ್ವಾಲಿಸ್ ಬಂತು. ಮುಂದಾಳಾಗಿ ನಿಂತ ವಿಕ್ರಮ್ ಕಿರ್ಲೋಸ್ಕರರು 2022ರ ನವೆಂಬರಿನಲ್ಲಿ ತೀರಿಕೊಂಡರು.

ಕ್ವಾಲಿಸ್ ನೋಡಲು ಅಂಥ ಚೆಲುವಿನ ಗಾಡಿಯಲ್ಲ. ಪೆಟ್ಟಿಗೆಯ ಹಾಗಿತ್ತು. ಆದರೂ ಜನ ಯಾಕೆ ಮೆಚ್ಚಿದರು? ಇಡೀ ಮನೆತನ ಕೂರುತ್ತಿತ್ತು. ಡೀಸೆಲ್ ಎಂಜಿನ್ನು ನಡುದಾರಿಯಲ್ಲಿ ಕೈ ಕೊಡುತ್ತಿರಲಿಲ್ಲ. ಹಳೆಯದಾದರೂ ಒಳ್ಳೆಯ ಬೆಲೆಗೆ ಹೋಗುತ್ತಿತ್ತು. ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಅದನ್ನು ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದರು. ಬಾಡಿಗೆ ಗಾಡಿ ಓಡಿಸುವ ನಮ್ಮ ಹುಡುಗರನ್ನು ಕೇಳಿ. ಅವರು ಹೊಳಪಿನ ಮಾತಾಡುವುದಿಲ್ಲ. "ರಾತ್ರಿ ಹನ್ನೆರಡಕ್ಕ ಬಾಣಂತಿ ಕರ್ಕೊಂಡು ಹೊಂಟಾಗ ಗಾಡಿ ನಿಲ್ಲಬಾರದ್ರಿ" ಎನ್ನುತ್ತಾರೆ. ಆಕರ್ಷಣೆ ಎಂದರೆ ಅದು, ಭರವಸೆ. ದಾರಿಯಲ್ಲಿ ಗಾಡಿ ನಿಲ್ಲಬಾರದೆಂದರೆ ಕಾರ್ಖಾನೆಯಲ್ಲಿ ಸಾಲು ನಿಲ್ಲಬೇಕು.

ಹೊಗಳಿಕೆಯ ಜೊತೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಮಕ್ಕಳಿಗೆ ಅರ್ಧ ಪಾಠ ಹೇಳಿದಂತೆ. ಜಗತ್ತಿನಲ್ಲಿ ಮೊದಲ ಸ್ಥಾನಕ್ಕೆ ಏರುವ ಓಟದಲ್ಲಿ 2009–10ರಲ್ಲಿ ಟೊಯೊಟಾ ಎಡವಿತು. ಆಕ್ಸಿಲರೇಟರಿನ ತೊಂದರೆಗಾಗಿ ಲಕ್ಷಗಟ್ಟಲೆ ಕಾರುಗಳನ್ನು ವಾಪಸು ಕರೆಸಿಕೊಳ್ಳಬೇಕಾಯಿತು. ಕಿಚಿರೊ ಅವರ ಮೊಮ್ಮಗ ಅಕಿಯೊ ಟೊಯೊಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ನಿಂತು, ಜನರನ್ನು ತಯಾರು ಮಾಡುವ ವೇಗಕ್ಕಿಂತ ಬೆಳವಣಿಗೆಯ ವೇಗ ಹೆಚ್ಚಾಯಿತು ಎಂದು ಒಪ್ಪಿಕೊಂಡರು. ಬಿಡದಿಯಲ್ಲಿ 2020ರ ನವೆಂಬರಿನಲ್ಲಿ ಕಾರ್ಮಿಕರ ಮುಷ್ಕರ, ಆಡಳಿತದ ಬೀಗಮುದ್ರೆ ನಡೆದು, ತಿಂಗಳುಗಟ್ಟಲೆ ತಿಕ್ಕಾಟ ಎಳೆಯಿತು. ಎಲ್ಲಕ್ಕಿಂತ ನೋವಿನ ಸಂಗತಿ 2024ರ ಜನವರಿಯದು. ಸಕಿಚಿ ಕಟ್ಟಿದ ಆ ಮಗ್ಗದ ಕಂಪನಿಯಲ್ಲೇ ಡೀಸೆಲ್ ಎಂಜಿನ್ನುಗಳ ಪರೀಕ್ಷೆಯಲ್ಲಿ ಅಕ್ರಮ ನಡೆದದ್ದು ಹೊರಬಿತ್ತು. ಎಳೆ ಹರಿದಿತ್ತು, ಮಗ್ಗ ಓಡುತ್ತಿತ್ತು. ಹಗ್ಗ ಕಟ್ಟಿದರೆ ಸಾಲದು, ಅದನ್ನು ಎಳೆಯುವ ಧೈರ್ಯವನ್ನೂ ಎಳೆದವನಿಗೆ ಸಿಗಬೇಕಾದ ಮರ್ಯಾದೆಯನ್ನೂ ದಿನದಿನವೂ ಕಾಯಬೇಕು. ಹೆಸರು ಎಷ್ಟು ದೊಡ್ಡದಾದರೂ ಅಷ್ಟೇ.

ಮಕ್ಕಳೆ, ಈಗ ನಿಮ್ಮ ಮಾತು. ಬಿಡದಿಯಲ್ಲಿ 2007ರಿಂದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಇದೆ. ಹತ್ತನೆಯ ತರಗತಿ ಮುಗಿಸಿದ, ಹಳ್ಳಿಗಾಡಿನ ಬಡ ಮನೆತನದ ಮಕ್ಕಳನ್ನು ಆರಿಸಿ, ಮೂರು ವರ್ಷ ಅಲ್ಲಿಯೇ ಇರಿಸಿಕೊಂಡು ಕೆಲಸ ಕಲಿಸುತ್ತಾರೆ. ಮೊದಲು ಹುಡುಗರಿಗಷ್ಟೇ ಇದ್ದ ಬಾಗಿಲು ಈಗ ಹುಡುಗಿಯರಿಗೂ ತೆರೆದಿದೆ. ಹಾವೇರಿ ಜಿಲ್ಲೆಯ ಐಟಿಐಗಳಿವೆ, ಪಾಲಿಟೆಕ್ನಿಕ್‌ಗಳಿವೆ. ಕೈಗೆ ಎಣ್ಣೆ ಹತ್ತುವ ಕೆಲಸ ಕಡಿಮೆಯದು ಎಂದು ಯಾರಾದರೂ ಹೇಳಿದರೆ, ಬಡಿಗನ ಮಗನ ಕಥೆ ಹೇಳಿ.

ಅದಕ್ಕಿಂತ ಮೊದಲು ಬೇಕಾದದ್ದು ಇದೇ ಕೋಣೆಗಳಲ್ಲಿ ಸಿಗಬೇಕು. ಟರ್ನರ್ ಕೆಲಸ ಕಲಿಸುವಾಗ ನಾನು ಪ್ರತಿ ವರ್ಷ ನೋಡುತ್ತಿದ್ದೆ: ಅಳತೆ ತಪ್ಪಿದ್ದನ್ನು ಮುಚ್ಚಿಟ್ಟು ಮುಂದಿನ ಕೆಲಸಕ್ಕೆ ಕೈ ಹಾಕುವ ಹುಡುಗರು ಬಹಳ, "ಸರ್, ಇದು ಸರಿಯಾಗಿಲ್ಲ" ಎಂದು ಯಂತ್ರ ನಿಲ್ಲಿಸುವವರು ಕೆಲವರು. ಮುಚ್ಚಿಡುವವರು ದಡ್ಡರಲ್ಲ. ನಿಲ್ಲಿಸಿದರೆ ಬೈಗಳು ಬೀಳುತ್ತದೆ ಎಂದು ಚಿಕ್ಕಂದಿನಿಂದ ಕಲಿತವರು. ಗುರುಗಳಲ್ಲಿ, ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟೇ. ಮಗು ಎದ್ದು ನಿಂತು "ತಿಳೀಲಿಲ್ರಿ" ಎಂದಾಗ ಅದು ಹಗ್ಗ ಎಳೆದಿದೆ ಎಂದು ತಿಳಿಯಿರಿ. ನಗಬೇಡಿ, ಗದರಬೇಡಿ. ಪಾಠ ಐದು ನಿಮಿಷ ನಿಲ್ಲಲಿ. ಸಿಲೆಬಸ್ಸು ಓಡಿ ಮುಗಿದು, ಮಗುವಿನ ಎಳೆ ಎಂಟನೆಯ ತರಗತಿಯಲ್ಲೇ ಹರಿದು ಹೋಗಿದ್ದರೆ, ಹತ್ತನೆಯ ತರಗತಿಯ ಫಲಿತಾಂಶ ಬಂದಾಗ ನಾವು ನೋಡುವುದು ಆ ಉದ್ದನೆಯ ದೋಷವನ್ನೇ.

ಐವತ್ತು ವರ್ಷ ಈ ಶಾಲೆ ನಮ್ಮಂಥವರನ್ನು ನೇಯ್ದು ಕಳಿಸಿದೆ. ಮುಂದಿನ ಐವತ್ತು ವರ್ಷದಲ್ಲಿ ಇಲ್ಲಿ ಒಂದು ಪ್ರಶ್ನೆಯೂ ಬೈಗಳಿಗೆ ಹೆದರಿ ಬಾಯೊಳಗೇ ಉಳಿಯದಿರಲಿ.