ಚೀಟಿಯನ್ನು ಡಬ್ಬಿಯಲ್ಲಿ ಇಡಬೇಡಿ



"ಟೀಚರ್, ಆಂಜಿಯೋಗ್ರಾಂ ಅಂದ್ರೆ ಎದೆ ಕೊಯ್ಯೋದಾ?" ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು. ಡಾಕ್ಟರು ಅವರಿಗೆ ಚೀಟಿ ಬರೆದು ಕೊಟ್ಟಿದ್ದರು. ಅಕ್ಕ ಹೆದರಿ ಅದನ್ನು ಸಾಸಿವೆ ಡಬ್ಬಿಯಲ್ಲಿ ಇಟ್ಟಿದ್ದರು.

ಇಲ್ಲ ಅಕ್ಕಾ, ಎದೆ ಕೊಯ್ಯುವುದಿಲ್ಲ. ಇದು ನೋಡುವ ಪರೀಕ್ಷೆ.

ಕಾಲುವೆಯಲ್ಲಿ ಹೂಳು ತುಂಬಿದರೆ ಹೊಲಕ್ಕೆ ನೀರು ಬಾರದು. ಹಾಗೆಯೇ ರಕ್ತನಾಳದಲ್ಲಿ ಕೊಬ್ಬು ಕಟ್ಟಿದರೆ ಹೃದಯಕ್ಕೆ ರಕ್ತ ಸಾಲದು. ಎಲ್ಲಿ ಕಟ್ಟಿದೆ ಎಂದು ನೋಡಬೇಕಲ್ಲ?

ಮಣಿಕಟ್ಟು ಅಥವಾ ತೊಡೆಸಂದಿಗೆ ಮರಗಟ್ಟುವ ಸೂಜಿ ಕೊಡುತ್ತಾರೆ. ಅಲ್ಲಿಂದ ತೆಳ್ಳನೆಯ ಕೊಳವೆಯನ್ನು ನಾಳದೊಳಗೆ ಹೃದಯದ ತನಕ ತೂರಿಸುತ್ತಾರೆ. ಅದರಲ್ಲಿ ಔಷಧಿ ಬಿಡುತ್ತಾರೆ. ಆಗ ಎಕ್ಸರೇಯಲ್ಲಿ ನಾಳ ಕಾಣುತ್ತದೆ. ಮೈ ಸ್ವಲ್ಪ ಬಿಸಿ ಆಗಬಹುದು.

ಕೆಲವರಿಗೆ ಮಾತ್ರೆ ಸಾಕು. ಕೆಲವರಿಗೆ ಅದೇ ದಾರಿಯಲ್ಲಿ ಪುಟ್ಟ ಬಲೂನು ಉಬ್ಬಿಸಿ ನಾಳ ಬಿಡಿಸುತ್ತಾರೆ. ಸ್ಟೆಂಟ್ ಎಂಬ ಜಾಲರಿ ಕೂರಿಸುತ್ತಾರೆ. ಹೃದಯದ ನಾಳಕ್ಕೆ ಹೀಗೆ ಮೊದಲು ಬಲೂನು ಹಾಕಿದ್ದು 1977ರಲ್ಲಿ, ಜ್ಯೂರಿಕ್ ನಗರದಲ್ಲಿ. ಕೆಲವರಿಗೆ ಮಾತ್ರ ದೊಡ್ಡ ಆಪರೇಷನ್ ಬೇಕು.

ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಔಷಧಿ ಒಗ್ಗದಿರುವುದು, ಬಸಿರು ಇದ್ದರೆ ಮೊದಲೇ ಹೇಳಬೇಕು.

ಎದೆ ಹಿಂಡಿದರೆ, ಏದುಸಿರು, ತಣ್ಣನೆ ಬೆವರು ಬಂದರೆ "ಗ್ಯಾಸು" ಅಂತ ಮಲಗಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.

ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರ ಕೊಡುತ್ತಾರೆ. ಮುಂಚೆ ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ನಮಗೆ ಓದು ಬರುತ್ತದೆ. ಓದೋಣ. ತಿಳಿಯದ್ದು ಕೇಳೋಣ. ಆಮೇಲೆ ಸಹಿ ಹಾಕೋಣ.

ಡಬ್ಬಿಯಲ್ಲಿ ಚೀಟಿ ಇದೆಯಾ? ಇವತ್ತೇ ತೆಗೆಯೋಣ.