ಬೆಂಕಿ ಬಿದ್ದ ಬೆಟ್ಟ, ಕಾದಿಟ್ಟ ಕಾಡು



ಜಪಾನಿನ ಒಸಾಕಾದಿಂದ ದಕ್ಷಿಣಕ್ಕೆ ಹೊರಡುವ ರೈಲು ಮೊದಮೊದಲು ಮನೆಗಳ ಸಾಲು, ಹಣ್ಣಿನ ತೋಟಗಳ ನಡುವೆ ಓಡುತ್ತದೆ. ಆಮೇಲೆ ಬೆಟ್ಟ ಅಡ್ಡ ಬರುತ್ತದೆ. ಸುರಂಗ, ತಿರುವು, ಮತ್ತೆ ಸುರಂಗ. ಗೊಕುರಾಕುಬಾಶಿ ಎಂಬ ಪುಟ್ಟ ನಿಲ್ದಾಣದಲ್ಲಿ ಹಳಿ ಮುಗಿಯುತ್ತದೆ. ಅಲ್ಲಿಂದ ಮುಂದಕ್ಕೆ, 1930ರಲ್ಲಿ ಆರಂಭವಾದ ಕೇಬಲ್ ಕಾರ್ ಐದೇ ನಿಮಿಷದಲ್ಲಿ ನಮ್ಮನ್ನು 300 ಮೀಟರಿಗೂ ಹೆಚ್ಚು ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಮೇಲೆ, ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿ, ಸುತ್ತ ಶಿಖರಗಳು, ನಡುವೆ ಸಮತಟ್ಟಾದ ತಗ್ಗು. ಆ ತಗ್ಗಿನಲ್ಲಿ ಒಂದು ಊರು. ಅದೇ ಕೋಯಸಾನ್.

ಊರು ಅಂದೆ. ಅಂಚೆ ಕಚೇರಿ ಇದೆ, ಶಾಲೆ ಇದೆ, ತೋಫು ಮಾಡುವ ಅಂಗಡಿ ಇದೆ, ಒಂದು ವಿಶ್ವವಿದ್ಯಾಲಯವೂ ಇದೆ. ಜೊತೆಗೆ 117 ಬೌದ್ಧ ದೇವಾಲಯಗಳಿವೆ. ಅವುಗಳಲ್ಲಿ ಐವತ್ತರಷ್ಟು ದೇವಾಲಯಗಳು ಯಾತ್ರಿಕರಿಗೆ ತಂಗಲು ಕೋಣೆ ಕೊಡುತ್ತವೆ. ಈರುಳ್ಳಿ ಬೆಳ್ಳುಳ್ಳಿ ಸೋಂಕದ ಊಟ, ಚಾಪೆಯ ಮೇಲೆ ಹಾಸಿಗೆ, ಬೆಳಕು ಹರಿಯುವ ಹೊತ್ತಿಗೆ ಪ್ರಾರ್ಥನೆ. ಕೆಲವು ಕಡೆ ಪ್ರಾರ್ಥನೆಯ ಜೊತೆ ಹೋಮವೂ ಇರುತ್ತದೆ: ಕುಂಡದ ಮುಂದೆ ಕೂತ ಭಿಕ್ಷು ಸಮಿತ್ತು ಒಡ್ಡಿ, ತುಪ್ಪದ ಬದಲು ಎಣ್ಣೆ ಸುರಿದು ಮಂತ್ರ ಹೇಳುತ್ತಾನೆ. ನಮ್ಮ ಕಡೆಯಿಂದ ಹೋದವರು ಅದನ್ನು ನೋಡಿ ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. ಈ ಬೆಂಕಿ ಇಷ್ಟು ದೂರ ಬಂದದ್ದು ಹೇಗೆ?

ಅದನ್ನು ತಂದವನ ಹೆಸರು ಕೂಕೈ. ಶಿಕೋಕು ದ್ವೀಪದಲ್ಲಿ 774ರಲ್ಲಿ ಹುಟ್ಟಿದವನು. 804ರಲ್ಲಿ ಹಡಗು ಹತ್ತಿ ಚೀನಾಕ್ಕೆ ಹೋದ. ಆಗಿನ ರಾಜಧಾನಿ ಚಾಂಗ್-ಆನ್‌ನಲ್ಲಿ ಹ್ವೇಗ್ವೋ ಎಂಬ ಗುರು ಸಿಕ್ಕಿದರು. ಈ ಹ್ವೇಗ್ವೋ ಅಮೋಘವಜ್ರರ ಶಿಷ್ಯರು; ಅಮೋಘವಜ್ರರ ಗುರು ವಜ್ರಬೋಧಿ, ದಕ್ಷಿಣ ಭಾರತದಿಂದ ಸಮುದ್ರ ದಾಟಿ ಚೀನಾ ಸೇರಿದ ಪಂಡಿತರು. ಅದೇ ನಗರದಲ್ಲಿದ್ದ ಪ್ರಜ್ಞ ಎಂಬ ಭಾರತೀಯ ಭಿಕ್ಷುವಿನ ಬಳಿ ಕೂಕೈ ಸಂಸ್ಕೃತ ಕಲಿತ. 806ರಲ್ಲಿ ಮರಳುವಾಗ ಅವನ ಜೊತೆ ಗ್ರಂಥಗಳು, ಮಂಡಲ ಚಿತ್ರಗಳು, ಪೂಜೆಯ ವಜ್ರಗಳು, ಸಿದ್ಧಂ ಲಿಪಿಯಲ್ಲಿ ಬರೆದ ಬೀಜಾಕ್ಷರಗಳು ಜಪಾನಿಗೆ ಬಂದವು. ಅವನು ಕಟ್ಟಿದ ಪಂಥಕ್ಕೆ ಶಿಂಗೋನ್ ಎಂದು ಹೆಸರು.

816ರಲ್ಲಿ ಸಾಗಾ ಚಕ್ರವರ್ತಿ ಈ ಬೆಟ್ಟವನ್ನು ಕೂಕೈಗೆ ಬಿಟ್ಟುಕೊಟ್ಟ. ಇದು ಅರಮನೆಯ ಮಾತು. ಬೆಟ್ಟದವರ ಮಾತು ಬೇರೆ. ಅವರು ಹೇಳುವುದು ಹೀಗೆ: ಜಾಗ ಹುಡುಕುತ್ತ ಕಾಡಲ್ಲಿ ಅಲೆಯುತ್ತಿದ್ದ ಕೂಕೈಗೆ ಒಬ್ಬ ಬೇಟೆಗಾರ ಎದುರಾದ. ಅವನ ಜೊತೆ ಎರಡು ನಾಯಿ, ಒಂದು ಬಿಳಿ, ಒಂದು ಕರಿ. ನಾಯಿಗಳು ದಾರಿ ತೋರಿಸಿದವು. ಮುಂದೆ ಆ ಸೀಮೆಯ ಒಡತಿ, ನಿಯುತ್ಸುಹಿಮೆ ಎಂಬ ದೇವಿ, ತನ್ನ ನೆಲವನ್ನು ಅವನಿಗೆ ಒಪ್ಪಿಸಿದಳು. ಬೇಟೆಗಾರನೂ ಮನುಷ್ಯನಲ್ಲ, ಕಾರಿಬಾ ಎಂಬ ದೈವ.

ಕಥೆ ಎಂದು ಇದನ್ನು ಬದಿಗಿಟ್ಟರೆ ಕೋಯಸಾನಿನ ಚರಿತ್ರೆ ಅರ್ಥವಾಗುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಯಾಕೆಂದರೆ 819ರಲ್ಲಿ ನೆಲ ಶುದ್ಧಿ ಮಾಡಿ ಕಟ್ಟಡ ಶುರುಮಾಡುವಾಗಲೇ ಕೂಕೈ ಈ ದೈವಗಳಿಗೆ ಗುಡಿ ಎಬ್ಬಿಸಿದ ಎನ್ನುತ್ತಾರೆ. ಇವತ್ತಿಗೂ ದಾಂಜೋ ಗರಾನ್ ಎಂಬ ಮುಖ್ಯ ಆವರಣದ ಪಶ್ಚಿಮ ಅಂಚಿನಲ್ಲಿ, ಮರಗಳ ನೆರಳಲ್ಲಿ, ಕೆಂಪು ಬಳಿದ ಆ ಪುಟ್ಟ ಗುಡಿಗಳಿವೆ. ಮುಂದೆ ಒಂದು ಉದ್ದನೆಯ ಪಡಸಾಲೆ. ಬೌದ್ಧ ಭಿಕ್ಷುಗಳು ಅಲ್ಲಿ ಕೂತು ಬೆಟ್ಟದ ದೈವಗಳಿಗೆ ಮಂತ್ರ ಹೇಳುತ್ತಾರೆ. ನೆಲ ದೇವಿಯದು, ನಾವು ಅವಳ ಅನುಮತಿ ಪಡೆದು ಇರುವವರು, ಎಂಬ ಭಾವ. ಕಾಡಿನ ವಿಷಯಕ್ಕೆ ಬಂದಾಗ ಈ ಭಾವವೇ ಕೆಲಸ ಮಾಡಿದ್ದನ್ನು ಮುಂದೆ ನೋಡೋಣ.

ಕೂಕೈ 835ರಲ್ಲಿ ತೀರಿಕೊಂಡ. ತೀರಿಕೊಂಡ ಎಂದು ಕೋಯಸಾನಿನಲ್ಲಿ ಯಾರೂ ಹೇಳುವುದಿಲ್ಲ. ಅವನು ಓಕುನೋಯಿನ್ ಎಂಬ ಸಮಾಧಿಸ್ಥಳದ ಗುಹೆಯಲ್ಲಿ ಧ್ಯಾನದಲ್ಲಿದ್ದಾನೆ, ಮೈತ್ರೇಯ ಬುದ್ಧ ಬರುವ ತನಕ ಇರುತ್ತಾನೆ ಎಂಬುದು ನಂಬಿಕೆ. ಹಾಗಾಗಿ ದಿನಕ್ಕೆ ಎರಡು ಸಲ, ಬೆಳಗ್ಗೆ ಆರಕ್ಕೆ ಮತ್ತು ಹತ್ತೂವರೆಗೆ, ಊಟ ಹೋಗುತ್ತದೆ. ಬಣ್ಣ ಹಚ್ಚದ ಬಿಳಿ ಮರದ ಪೆಟ್ಟಿಗೆ. ಇಬ್ಬರು ಭಿಕ್ಷುಗಳು ಅದನ್ನು ಹೊತ್ತು ನಡೆಯುತ್ತಾರೆ, ಮುಂದೊಬ್ಬರು ಹಿರಿಯರು. ಮೊದಲು ರುಚಿ ನೋಡುವ ಜಿಜೋ ಎಂಬ ಬೋಧಿಸತ್ತ್ವನ ಪುಟ್ಟ ಗುಡಿಯ ಮುಂದೆ ನಿಂತು ಒಪ್ಪಿಸಿ, ಆಮೇಲೆ ಸೇತುವೆ ದಾಟುತ್ತಾರೆ. ಸಮಾಧಿಯ ಒಳಗಿನ ಸೇವೆಗೆ ಒಬ್ಬರೇ ನೇಮಕ. ಒಳಗೆ ಕಂಡದ್ದನ್ನು ಅವರು ಹೊರಗೆ ಹೇಳುವಂತಿಲ್ಲ. 921ರಲ್ಲಿ ದೈಗೋ ಚಕ್ರವರ್ತಿ ಕೂಕೈಗೆ ಕೋಬೋ ದೈಶಿ ಎಂಬ ಬಿರುದು ಕೊಟ್ಟ. ಜನ ಅವನನ್ನು ಕರೆಯುವುದು ಆ ಹೆಸರಿನಿಂದಲೇ.

ಇನ್ನು ಬೆಂಕಿಯ ಕಥೆ. ಎತ್ತರದ ಬೆಟ್ಟ, ಅದರ ಮೇಲೆ ಇನ್ನೂ ಎತ್ತರದ ಮರದ ಗೋಪುರ. ಸಿಡಿಲಿಗೆ ಬೇರೆ ಗುರಿ ಬೇಕೇ? 994ರಲ್ಲಿ ಬಡಿದ ಸಿಡಿಲು ಮುಖ್ಯ ಆವರಣವನ್ನು ಸುಟ್ಟುಹಾಕಿತು. ಭಿಕ್ಷುಗಳು ಬೆಟ್ಟ ಇಳಿದು ಹೋದರು. ವರ್ಷಗಟ್ಟಲೆ ಅಲ್ಲಿ ಹೇಳಿಕೊಳ್ಳುವಂಥ ಪೂಜೆಯೇ ನಡೆಯಲಿಲ್ಲ. ಆಗ ಜೋಯೊ ಎಂಬ ಭಿಕ್ಷು ಬಂದ. 1016ರಲ್ಲಿ ಅವನು ಕೂಕೈಯ ಸಮಾಧಿಯ ಮುಂದೆ ದೀಪ ಹಚ್ಚಿ ಬೆಟ್ಟವನ್ನು ಮತ್ತೆ ಎಬ್ಬಿಸುವ ಸಂಕಲ್ಪ ಮಾಡಿದ. ಆ ದೀಪ ಈವರೆಗೆ ಆರಿಲ್ಲ ಎನ್ನುತ್ತಾರೆ. ಅದರ ಪಕ್ಕದಲ್ಲೇ ಇನ್ನೊಂದಿದೆ, ಬಡ ಹೆಣ್ಣಿನ ದೀಪ. ಓತೆರು ಎಂಬ ಹುಡುಗಿ ಸಾಕಿದ ತಂದೆತಾಯಿಗಳಿಗಾಗಿ ತನ್ನ ಕೂದಲು ಮಾರಿ ಕೊಟ್ಟದ್ದಂತೆ. ದೀಪ ಮೇಲೆ ಹೋಯಿತು. ಅವಳು ಹೋಗುವಂತಿರಲಿಲ್ಲ.

ಹೆಂಗಸರಿಗೆ ಬೆಟ್ಟದ ಮೇಲೆ ಪ್ರವೇಶವಿರಲಿಲ್ಲ. ಕೂಕೈಯ ತಾಯಿಯೇ ಮಗನನ್ನು ನೋಡಲು ಬಂದು ಬೆಟ್ಟದ ಬುಡದಲ್ಲಿ, ಈಗ ಜಿಸೋನ್-ಇನ್ ದೇವಾಲಯ ಇರುವಲ್ಲಿ, ಉಳಿಯಬೇಕಾಯಿತು. ಮಗ ತಿಂಗಳಿಗೆ ಒಂಬತ್ತು ಸಲ ಇಳಿದು ಬರುತ್ತಿದ್ದ ಎಂದು ಪ್ರತೀತಿ. ನೂರಾರು ವರ್ಷ ಹೆಂಗಸರು ದೂರ ದೂರದಿಂದ ನಡೆದು ಬಂದು, ಊರಿನ ಏಳು ಬಾಗಿಲುಗಳ ಹೊರಗಿದ್ದ ತಮ್ಮ ಪುಟ್ಟ ಮಂಟಪಗಳಲ್ಲಿ ರಾತ್ರಿ ಕಳೆದು, ಶಿಖರಗಳ ಅಂಚಿನ ಕಾಲುದಾರಿ ಹಿಡಿದು ಇಡೀ ಊರನ್ನು ಪ್ರದಕ್ಷಿಣೆ ಹಾಕಿ ಹಿಂದಿರುಗುತ್ತಿದ್ದರು. ಮರಗಳ ಸಂದಿಯಲ್ಲಿ ಒಳಗಿನದು ಕಂಡಷ್ಟೇ ಭಾಗ್ಯ. ಆ ಮಂಟಪಗಳಲ್ಲಿ ಈಗ ಉಳಿದಿರುವುದು ಒಂದೇ. ನೆಲ ಬಿಟ್ಟುಕೊಟ್ಟವಳು ದೇವಿ, ಅವಳ ಹೆಸರು ಹೇಳುತ್ತಲೇ ಹೆಣ್ಣನ್ನು ಹೊರಗೆ ನಿಲ್ಲಿಸಿದರು. ಇದನ್ನು ಎಷ್ಟು ಹೇಳಿದರೂ ಮನಸ್ಸು ಒಪ್ಪುವುದಿಲ್ಲ. 1872ರಲ್ಲಿ ಸರ್ಕಾರ ಈ ನಿಷೇಧವನ್ನು ರದ್ದು ಮಾಡಿತು. ಬೆಟ್ಟದ ಮೇಲೆ ಅದು ನಿಜವಾಗಿ ಅಳಿಯಲು ಇನ್ನೂ ಮೂರು ದಶಕ ಹಿಡಿಯಿತು.

ಬೆಟ್ಟ ಹತ್ತುವ ಹಳೆಯ ದಾರಿ ಶುರುವಾಗುವುದು ಆ ತಾಯಿಯ ದೇವಾಲಯದಿಂದಲೇ. ಸುಮಾರು 22 ಕಿಲೋಮೀಟರ್. ಪ್ರತಿ 109 ಮೀಟರಿಗೆ ಒಂದರಂತೆ ಆಳೆತ್ತರವನ್ನೂ ಮೀರಿದ ಕಲ್ಲುಕಂಬ. ಮುಖ್ಯ ಗೋಪುರದ ತನಕ 180 ಕಂಬಗಳು. 1265ರಿಂದ 1285ರವರೆಗೆ, 20 ವರ್ಷದ ಕೆಲಸ. ಒಂದು ಕಂಬದ ಮುಂದೆ ನಿಂತು ನೋಡಿ: ಕೆಳಗೆ ಚೌಕ, ಅದರ ಮೇಲೆ ಗುಂಡು, ಮೇಲೆ ಮಾಡಿನ ಆಕಾರ, ಅರ್ಧಗೋಳ, ತುದಿಯಲ್ಲಿ ಮಣಿಯ ಆಕಾರ. ಪೃಥ್ವಿ, ಜಲ, ಅಗ್ನಿ, ವಾಯು, ಆಕಾಶ. ಪಾಚಿಯ ಅಡಿಯಲ್ಲಿ ಸಿದ್ಧಂ ಅಕ್ಷರ. ಸಮಾಧಿ ಕಲ್ಲುಗಳಿಗೂ ಇದೇ ಆಕಾರ. ಓಕುನೋಯಿನ್‌ಗೆ ಹೋಗುವ ಎರಡು ಕಿಲೋಮೀಟರ್ ಹಾದಿಯ ಎರಡೂ ಕಡೆ, ನೂರಾರು ವರ್ಷದ ಸೀಡರ್ ಮರಗಳ ಕೆಳಗೆ, ಎರಡು ಲಕ್ಷಕ್ಕೂ ಹೆಚ್ಚು ಕಲ್ಲುಗಳಿವೆ.

ಯಾರಿಲ್ಲ ಅಲ್ಲಿ! 1581ರಲ್ಲಿ ಕೋಯಸಾನಿನ ಸಾವಿರಕ್ಕೂ ಹೆಚ್ಚು ಸಂಚಾರಿ ಭಿಕ್ಷುಗಳನ್ನು ಕೊಲ್ಲಿಸಿದ ಯುದ್ಧಪ್ರಭು ಓದಾ ನೊಬುನಾಗನಿಗೂ ಇಲ್ಲಿ ಕಲ್ಲಿದೆ. ಮರುವರ್ಷ ಅವನ ಮೇಲೆ ತಿರುಗಿಬಿದ್ದು ಅವನ ಸಾವಿಗೆ ಕಾರಣನಾದ ಅಕೆಚಿ ಮಿತ್ಸುಹಿದೆಗೂ ಇದೆ. ಜೀವಮಾನವಿಡೀ ಕಾದಾಡಿದ ತಕೆದಾ ಶಿಂಗೆನ್, ಉಎಸುಗಿ ಕೆನ್‌ಶಿನ್ ಇಬ್ಬರೂ ಹಾದಿಯ ಆಚೆ ಈಚೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಶಿಮಾಜು ಮನೆತನದವರು 1599ರಲ್ಲಿ ನಿಲ್ಲಿಸಿದ ಶಿಲೆ. ಕೊರಿಯಾದ ಮೇಲೆ ಜಪಾನ್ ನಡೆಸಿದ ಘೋರ ಯುದ್ಧದಲ್ಲಿ ಸತ್ತವರಿಗಾಗಿ ಅದು. ತಮ್ಮವರು, ಶತ್ರುಗಳು, ಎರಡೂ ಕಡೆಯವರಿಗೆ ಒಂದೇ ಕಲ್ಲು. ಯುದ್ಧ ಮಾಡಿದ ಪಾಪ ಅದರಿಂದ ಕಳೆಯಿತೆಂದು ನಾನು ಹೇಳುವುದಿಲ್ಲ. ಆದರೂ ಗೆದ್ದವರು ಸೋತವರು ಎನ್ನದೆ ತಮ್ಮ ಕತ್ತಿಗೆ ಬಿದ್ದವರನ್ನೂ ನೆನೆದು ಕಲ್ಲು ಹಾಕುವುದು ಸಣ್ಣ ಮಾತಲ್ಲ. ಗೆದ್ದಲು ನಿವಾರಣೆ ಕಸುಬಿನವರು ತಾವು ಕೊಂದ ಗೆದ್ದಲುಗಳಿಗೆ ನಿಲ್ಲಿಸಿದ ಸ್ಮಾರಕವೂ ಇದೇ ಕಾಡಿನಲ್ಲಿದೆ.

ಬೆಂಕಿಗೆ ಮರಳೋಣ. 1149ರಲ್ಲಿ ಮತ್ತೆ ಸಿಡಿಲು. ಗೋಪುರವನ್ನು ತಾಯಿರಾ ನೋ ಕಿಯೊಮೋರಿ ಎಂಬ ಸೇನಾನಾಯಕ ಮತ್ತೆ ಕಟ್ಟಿಸಿಕೊಟ್ಟ. 1521ರಲ್ಲಿ ಊರಿನ ಬಹುಪಾಲು ಬೂದಿ. ದೈವಗಳ ಗುಡಿಯನ್ನು ಮರುವರ್ಷವೇ, 1522ರಲ್ಲಿ, ಕಟ್ಟಿದರು. ಈಗ ನಾವು ನೋಡುವುದು ಅದನ್ನೇ. 1843ರಲ್ಲಿ ಮತ್ತೊಂದು ದೊಡ್ಡ ಬೆಂಕಿ.

ಸುಟ್ಟಿದ್ದನ್ನು ಕಟ್ಟಲು ಮರ ಬೇಕು. ಸಾವಿರ ವರ್ಷ ಕಟ್ಟುತ್ತಲೇ ಇದ್ದ ಊರಿನ ಸುತ್ತ ಬೆಟ್ಟ ಬೋಳಾಗಬೇಕಿತ್ತು. ಆಗಲಿಲ್ಲ. ನೆಲ ದೇವಿಯದು ಎಂಬ ಭಾವ ಇಲ್ಲಿ ಕೆಲಸ ಮಾಡಿತು. 1868ಕ್ಕೆ ಮುಂಚಿನ ಎಡೊ ಕಾಲದಲ್ಲಿ ಬೆಟ್ಟದ ಆಡಳಿತ ಆರು ಜಾತಿಯ ಮರಗಳನ್ನು ಹೆಸರಿಸಿ ಕಾಪಾಡಿತು: ಸುಗಿ ಎಂಬ ಸೀಡರ್, ಹಿನೋಕಿ ಎಂಬ ಸೈಪ್ರೆಸ್, ಕೆಂಪು ಪೈನ್, ಮೋಮಿ, ತ್ಸುಗಾ ಮತ್ತು ಕೋಯಮಾಕಿ. ದೇವಾಲಯ ಕಟ್ಟಲು, ದುರಸ್ತಿ ಮಾಡಲು ಬಿಟ್ಟು ಬೇರೆಯದಕ್ಕೆ ಕಡಿಯುವಂತಿಲ್ಲ. ಬೆಟ್ಟದ ಮೇಲೆ ಹಣ್ಣಿನ ಗಿಡ, ಹೂಗಿಡ, ಬಿದಿರು ನೆಟ್ಟು ದುಡ್ಡು ಮಾಡುವುದಕ್ಕೂ ಅಡ್ಡಿಯಿತ್ತು. ಹೂವಿಲ್ಲದ ಊರಿನಲ್ಲಿ ಪೂಜೆಗೆ ಏನು ಏರಿಸುವುದು? ಕೋಯಮಾಕಿಯ ಹಸಿರು ಟೊಂಗೆ. ಇವತ್ತಿಗೂ ಸಮಾಧಿಗಳ ಮುಂದೆ ಹೂವಿಗಿಂತ ಹೆಚ್ಚಾಗಿ ಕಾಣುವುದು ಆ ಟೊಂಗೆಗಳೇ. ಅಂಗಡಿಗಳ ಮುಂದೆ ಕಟ್ಟು ಕಟ್ಟಿ ಮಾರುತ್ತಾರೆ.

ಮಾಡಿಗೆ ಹೊದಿಸುವುದು ಹಿನೋಕಿ ಮರದ ತೊಗಟೆ. ನಿಂತ ಮರವನ್ನು ಕೊಲ್ಲದೆ, ಹಗ್ಗದ ಆಸರೆಯಲ್ಲಿ ಮೇಲೇರಿ, ಮರದ ಉಳಿಯಿಂದ ಹೊರಪದರವನ್ನಷ್ಟೇ ಎಬ್ಬಿಸುತ್ತಾರೆ. ಎಂಟು ಹತ್ತು ವರ್ಷಕ್ಕೆ ಅದೇ ಮರ ಮತ್ತೆ ತೊಗಟೆ ಕೊಡುತ್ತದೆ. ಕೊಂಗೋಬುಜಿ ಎಂಬ ಮುಖ್ಯ ದೇವಾಲಯದ ದಪ್ಪನೆಯ ತೊಗಟೆ ಮಾಡಿನ ನೆತ್ತಿಯ ಮೇಲೆ ದೊಡ್ಡ ಮರದ ಪೀಪಾಯಿಗಳನ್ನು ಇಟ್ಟಿದ್ದಾರೆ. ಮಳೆನೀರು ತುಂಬಿಕೊಳ್ಳಲಿ, ಎಲ್ಲಾದರೂ ಬೆಂಕಿ ಎದ್ದರೆ ಹತ್ತಿ ಸುರಿದು ಮಾಡನ್ನು ತೋಯಿಸಬಹುದು ಎಂದು. ಅಲ್ಲಿಗೆ ಹೋಗುವ ಏಣಿಯೂ ಮಾಡಿನ ಮೇಲೇ ಇದೆ.

1868ರಲ್ಲಿ ಬಿದ್ದ ಪೆಟ್ಟು ಬೆಂಕಿಯದಲ್ಲ, ಆಜ್ಞೆಯದು. ಹೊಸದಾಗಿ ಬಂದ ಮೇಜಿ ಸರ್ಕಾರ ಶಿಂಟೋ ದೈವಗಳನ್ನು, ಅಂದರೆ ನಾಡಿನ ಹಳೆಯ ದೈವಗಳನ್ನು, ಬೌದ್ಧರಿಂದ ಬೇರ್ಪಡಿಸಿ ಎಂದಿತು. ಜಪಾನಿನುದ್ದಕ್ಕೂ ಎಷ್ಟೋ ದೇವಾಲಯ ನೆಲಸಮವಾದವು. ಬೆಟ್ಟದ ಕೆಳಗೆ ಅಮಾನೊ ಕಣಿವೆಯಲ್ಲಿರುವ ನಿಯುತ್ಸುಹಿಮೆಯ ಮೂಲಗುಡಿಯ ಆವರಣದಲ್ಲಿದ್ದ ಬೌದ್ಧ ಕಟ್ಟಡಗಳೂ ಹೋದವು. ದೇವಾಲಯದ ಜಮೀನು, ಕಾಡು ಸರ್ಕಾರದ ಪಾಲಾಯಿತು. ಸಾವಿರ ವರ್ಷ ಒಂದೇ ಮನೆಯಲ್ಲಿದ್ದವರನ್ನು ಒಂದು ಕಾಗದದಿಂದ ಬೇರೆ ಮಾಡಲು ಹೊರಟ ಆ ಕಾಲ ನನಗೆ 1521ರ ಬೆಂಕಿಗಿಂತ ಕ್ರೂರವಾಗಿ ಕಾಣುತ್ತದೆ. ಆದರೆ ಬೆಟ್ಟದ ಮೇಲಿನ ಕೆಂಪು ಗುಡಿಗಳು ಅಲುಗಲಿಲ್ಲ, ಭಿಕ್ಷುಗಳು ಮಂತ್ರ ಬಿಡಲಿಲ್ಲ. ದೀಕ್ಷೆಯ ಸಾಧನೆ ಮುಗಿಸಿದ ಎಳೆಯ ಭಿಕ್ಷುಗಳು ಈಗಲೂ ಅಮಾನೊಗೆ ಇಳಿದು ದೇವಿಗೆ ಕೈಮುಗಿದು ಬರುತ್ತಾರೆ.

ಕಡೆಯ ದೊಡ್ಡ ಬೆಂಕಿ 1926ರದು. ಕೊಂಡೋ ಎಂಬ ಮುಖ್ಯ ಮಂದಿರದ ಜೊತೆ ಹಳೆಯ ಏಳು ಮೂರ್ತಿಗಳು ಸುಟ್ಟುಹೋದವು. ಅದಕ್ಕೆ ಐದು ವರ್ಷ ಮೊದಲು ವಸ್ತುಸಂಗ್ರಹಾಲಯ ಕಟ್ಟಿ ಬೇರೆ ಎಷ್ಟೋ ನಿಧಿಗಳನ್ನು ಅಲ್ಲಿಗೆ ಸಾಗಿಸಿದ್ದು ಪುಣ್ಯ. ಈ ಸಲ ಬೆಟ್ಟದವರು ಮರವನ್ನು ನಂಬಲಿಲ್ಲ. ಹೊಸ ಕೊಂಡೋ, 1937ರಲ್ಲಿ ಮುಗಿದ 48 ಮೀಟರ್ ಎತ್ತರದ ಕೆಂಪು ಗೋಪುರ ಎರಡಕ್ಕೂ ಒಳಗೆ ಕಾಂಕ್ರೀಟು. ಅವರನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೂ ಮರದ ಮೇಲಿನ ನಂಬಿಕೆ ಮರಳಿತು. 2004ರಲ್ಲಿ ಯುನೆಸ್ಕೊ ಕೋಯಸಾನನ್ನು ಕಿಯಿ ಪರ್ವತಗಳ ಇತರ ಪುಣ್ಯಸ್ಥಳಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೋಯಸಾನ್ ಸ್ಥಾಪನೆಯ ಸಾವಿರದ ಇನ್ನೂರನೆಯ ವರ್ಷದ ಉತ್ಸವ ಹತ್ತಿರವಾದಾಗ, 1843ರಲ್ಲಿ ಸುಟ್ಟು ಆಮೇಲೆ ಯಾರೂ ಕಟ್ಟದೆ ಬಿಟ್ಟಿದ್ದ ಮುಖ್ಯ ಆವರಣದ ನಡುಬಾಗಿಲನ್ನು ಎಬ್ಬಿಸುವ ಕೆಲಸ ಶುರುವಾಯಿತು. ಕಾಂಕ್ರೀಟು ಬೇಡವೆಂದರು. ಅದೇ ಬೆಟ್ಟದಲ್ಲಿ ಬೆಳೆದ ಹಿನೋಕಿ ಮರಗಳನ್ನು ಇಳಿಸಿ ಕಂಬ ಮಾಡಿದರು, ಮಾಡಿಗೆ ತೊಗಟೆ ಹೊದಿಸಿದರು. 2015ರಲ್ಲಿ ಬಾಗಿಲು ತೆರೆಯಿತು. ದ್ವಾರಪಾಲರು ನಾಲ್ವರು. ಇಬ್ಬರು 1843ರ ಬೆಂಕಿಯಿಂದ ಪಾರಾಗಿ ದುರಸ್ತಿಯಾದ ಹಳಬರು, ಇನ್ನಿಬ್ಬರನ್ನು ಶಿಲ್ಪಿ ಮಾತ್ಸುಮೊತೊ ಮ್ಯೋಕೆಯಿ ಹೊಸದಾಗಿ ಕೆತ್ತಿದರು. ಹೋದವರು ಹೊಸಬರ ಎದೆಗವಚವನ್ನು ಹತ್ತಿರದಿಂದ ನೋಡಿ: ಒಬ್ಬನ ಮೇಲೆ ಜೀರುಂಬೆ ಹುಳು ಕೂತಿದೆ, ಮರಕ್ಕೆ ಕಚ್ಚಿಕೊಂಡು ಬೇಸಿಗೆಯಲ್ಲಿ ಕೂಗುತ್ತದಲ್ಲ, ಅದು. ಇನ್ನೊಬ್ಬನ ಮೇಲೆ ಏರೋಪ್ಲೇನ್ ಚಿಟ್ಟೆ.