ಮುಕ್ತ ಶಿಕ್ಷಣ ಮತ್ತು ಗಡಿನಾಡಿನ ನಮ್ಮ ಮಕ್ಕಳು

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷಗಳ ಹಿಂದೆ ಈ ಸೀಮೆಯಲ್ಲಿ ಕನ್ನಡ ಶಾಲೆಯನ್ನು ತೆರೆದ ಹಿರಿಯರ ಮುಂದಿದ್ದುದು ಒಂದೇ ಪ್ರಶ್ನೆ: ಮಗುವಿನ ಮನೆಮಾತಿನಲ್ಲಿ, ಮನೆಯ ಹತ್ತಿರಕ್ಕೆ ವಿದ್ಯೆಯನ್ನು ತರುವುದು ಹೇಗೆ? ಇಂದು ಅಂತರ್ಜಾಲದ ಮೂಲಕ ವಿದ್ಯೆ ಮನೆಯೊಳಕ್ಕೇ ಬಂದಿದೆ. ಮನೆಮಾತಿನಲ್ಲಿ ಬಂದಿದೆಯೇ ಎಂಬುದು ಮಾತ್ರ ಪ್ರಶ್ನೆಯಾಗಿಯೇ ಉಳಿದಿದೆ.

ಬಂದಿರುವುದು ಅಲ್ಪವೇನಲ್ಲ. 2001ರಲ್ಲಿ ಅಮೆರಿಕದ ಎಂಐಟಿ ತನ್ನ ಪಾಠಸಾಮಗ್ರಿಯನ್ನು ಲೋಕಕ್ಕೆಲ್ಲ ಉಚಿತವಾಗಿ ನೀಡುವುದಾಗಿ ಸಾರಿತು. ನಮ್ಮಲ್ಲಿ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಎನ್‌ಪಿಟಿಇಎಲ್ ಯೋಜನೆಯನ್ನು ನಡೆಸಿಕೊಂಡು ಬಂದಿವೆ. 2017ರಲ್ಲಿ ಕೇಂದ್ರ ಸರ್ಕಾರದ ‘ಸ್ವಯಂ’ ಮತ್ತು ‘ದೀಕ್ಷಾ’ ಆರಂಭಗೊಂಡವು. ಹೊಸೂರಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿದ ತರುಣನೊಬ್ಬ ರಾತ್ರಿ ಕುಳಿತು ಐಐಟಿ ಪ್ರಾಧ್ಯಾಪಕರ ಪಾಠ ಕೇಳಬಹುದು. ಕಲಿಕೆಗೆ ಶುಲ್ಕವಿಲ್ಲ, ಪ್ರಮಾಣಪತ್ರ ಬೇಕಾದವರು ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು.

ತೊಡಕುಗಳೂ ಇವೆ. ಇಂಥ ಪಾಠಕ್ರಮಗಳಿಗೆ ಹೆಸರು ನೋಂದಾಯಿಸಿದವರಲ್ಲಿ ಕೊನೆಮುಟ್ಟುವವರು ಕೆಲವರೇ ಎಂಬುದು ಜಗತ್ತಿನೆಲ್ಲೆಡೆಯ ಅನುಭವ. ಸಂಶಯ ಬಂದಾಗ ಕೇಳಲು ಎದುರಿಗೆ ಗುರುವಿಲ್ಲ. ಮನೆಗೆಲ್ಲ ಒಂದೇ ಫೋನ್ ಇದ್ದರೆ ಮಗುವಿನ ಸರದಿ ಕೊನೆಗೆ ಬರುತ್ತದೆ. ಕಾಡಂಚಿನ ಹಳ್ಳಿಗಳಲ್ಲಿ ಸಿಗ್ನಲ್ಲಿಗಾಗಿ ದಿಬ್ಬ ಹತ್ತಬೇಕಾಗುತ್ತದೆ.

ಇವು ಎಲ್ಲರ ಕಷ್ಟಗಳು. ನಮ್ಮದೇ ಆದ ಕಷ್ಟ ಇನ್ನೊಂದಿದೆ. ನಮ್ಮ ಮಕ್ಕಳು ಕನ್ನಡದಲ್ಲಿ ಓದುವುದು ತಮಿಳುನಾಡಿನ ಪಠ್ಯಕ್ರಮವನ್ನು. ಆ ಪಠ್ಯಕ್ರಮದ ವಿಡಿಯೋ ಪಾಠಗಳು ಬಹುಪಾಲು ತಮಿಳು, ಇಂಗ್ಲಿಷುಗಳಲ್ಲಿವೆ. ಕನ್ನಡದಲ್ಲಿರುವ ಪಾಠಗಳು ಬಹುಪಾಲು ಕರ್ನಾಟಕದ ಪಠ್ಯಕ್ರಮಕ್ಕೆ ಸೇರಿದವು. ಪಾಠಗಳ ಅನುಕ್ರಮ ಬೇರೆ, ಪರೀಕ್ಷೆ ಬೇರೆ. ಎರಡು ಬಾಗಿಲುಗಳು ತೆರೆದಿದ್ದರೂ ನಮ್ಮ ಮಗು ನಡುವಿನ ಗೋಡೆಯ ಮುಂದೆ ನಿಂತಿದೆ.

ಪರಿಹಾರ ‘ಮುಕ್ತ’ ಎಂಬ ಪದದಲ್ಲಿಯೇ ಇದೆ. ಉಚಿತವಾದುದೆಲ್ಲ ಮುಕ್ತವಲ್ಲ. ಉಚಿತ ಪಾಠವನ್ನು ನೋಡಬಹುದು, ಅಷ್ಟೆ. ಮುಕ್ತ ಪರವಾನಗಿಯ ಪಾಠವನ್ನು ಪ್ರತಿ ಮಾಡಿ ಹಂಚಬಹುದು. ಪರವಾನಗಿ ಅನುಮತಿಸಿದಂತೆ ಅನುವಾದಿಸಬಹುದು, ತಿದ್ದಿ ನಮಗೆ ಬೇಕಾದ ಕ್ರಮಕ್ಕೆ ಹೊಂದಿಸಬಹುದು. ಕರ್ನಾಟಕದ ಶಿಕ್ಷಕರು ಕೂಡಿ ಬೆಳೆಸಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಜಾಲತಾಣ ಇಂಥದೊಂದು ಭಂಡಾರ. ಅಲ್ಲಿನ ಗಣಿತದ ಪಾಠವನ್ನು ತಂದು ನಮ್ಮ ಪಠ್ಯಪುಸ್ತಕದ ಅಧ್ಯಾಯಕ್ಕೆ ಜೋಡಿಸಲು ಅಡ್ಡಿಯಿಲ್ಲ. ಗಡಿನಾಡಿನವರಾದ ನಮಗೆ ಈ ಅನುಮತಿಯೇ ದೊಡ್ಡ ಕೊಡುಗೆ.

ಆದರೆ ಜೋಡಿಸುವ ಕೆಲಸವನ್ನು ಬೇರೆ ಯಾರೂ ಬಂದು ಮಾಡಿಕೊಡಲಾರರು. ಎರಡು ಪಠ್ಯಕ್ರಮಗಳನ್ನೂ ಬಲ್ಲ ಶಿಕ್ಷಕರು ನಮ್ಮಲ್ಲಿದ್ದಾರೆ. ಬೆಂಗಳೂರಿನಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಒಂದು ತರಗತಿ, ಒಂದು ವಿಷಯ, ತಿಂಗಳಿಗೊಂದು ಅಧ್ಯಾಯ ಎಂದು ತೊಡಗೋಣ. ಸಿದ್ಧವಾದ ಪಾಠಗಳನ್ನು ಶಾಲೆಯ ಕಂಪ್ಯೂಟರಿನಲ್ಲಿ ಇಳಿಸಿಟ್ಟರೆ ಸಿಗ್ನಲ್ ಇಲ್ಲದ ಊರಿನ ಮಗುವೂ ನೋಡಬಹುದು. ಸಂಜೆ ಒಂದು ಗಂಟೆ ಜೊತೆಗೆ ಕೂರುವ ಶಿಕ್ಷಕರಿದ್ದರೆ ಸಂಶಯವೂ ಅಲ್ಲೇ ಪರಿಹಾರವಾಗುತ್ತದೆ.

ಹಿರಿಯರು ನಮಗೆ ಶಾಲೆಯನ್ನು ಕಟ್ಟಿಕೊಟ್ಟರು. ಮುಂದಿನ ಪೀಳಿಗೆಗೆ ನಾವು ಪಾಠಗಳನ್ನು ಕಟ್ಟಿಕೊಡೋಣ. ಮೊದಲ ಅಧ್ಯಾಯ ಈ ಶತಮಾನೋತ್ಸವದ ವರ್ಷದಲ್ಲಿಯೇ ಸಿದ್ಧವಾಗಲಿ ಎಂದು ವಿನಂತಿಸಿ ಮಾತು ಮುಗಿಸುತ್ತೇವೆ.